ಮರುಳಸಿದ್ದಮ್ಮನವರ ಕಾರಿನ ಲಾಕು

ನನಗೆ ಸಿಟ್ಟು ಬರಿಸುವ ಗಿರಾಕಿಗಳು ಎರಡು ಬಗೆ. ರೋಗವನ್ನೂ ಮದ್ದನ್ನೂ ತಾವೇ ಹೇಳಿ ನನ್ನನ್ನು ಬರೀ ಪಾನಾ, ಸ್ಪ್ಯಾನರು ಹಿಡಿಯಲು ಇಟ್ಟುಕೊಳ್ಳುವವರು ಒಂದು ಬಗೆ. ಏನೂ ಹೇಳದೆ "ಸುಮ್ನ ಒಂದ್ಸಲ ನೋಡು" ಎನ್ನುವವರು ಇನ್ನೊಂದು. ಮರುಳಸಿದ್ದಮ್ಮ ಎರಡಕ್ಕೂ ಸೇರಲಿಲ್ಲ. ಹೊಸಪೇಟೆಯ ನನ್ನ ಕಾರ್ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿದು, ಸೆರಗು ಸರಿಮಾಡಿಕೊಂಡು ಅವರು ಹೇಳಿದ್ದು ಇಷ್ಟು:

"ಗಾಳೆಪ್ಪ, ಇದರ ಲಾಕಿನಾಗ ಏನರ ಕೆಟ್ಟೈತೇನು ಹುಡುಕಿ ಕೊಡಪ್ಪ. ಏನೂ ಸಿಗಲಿಲ್ಲಂದ್ರ ಕೆಟ್ಟಿರೋದು ನನ್ನ ತಲಿ."

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ಮನೆ ಅವರದು. ಗಂಡ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಗಿರಣಿಯ ಹೊರಗಿನ ಕೆಲಸಕ್ಕೆಲ್ಲ ತಾವೇ ಓಡಾಡಿದವರು. ದಸರಾ ಆದಾಗಿನಿಂದ ಅವರು ಲಾಕ್ ಮಾಡಿ ಬಂದ ಕಾರು ಆಮೇಲೆ ನೋಡಿದರೆ ತೆರೆದೇ ಇರುತ್ತಿತ್ತು. ಒಮ್ಮೆ ಒಳಗಿದ್ದ ಚೀಲವೇ ಕಳುವಾಯಿತು. ಮಗ ಸಿದ್ದಲಿಂಗೇಶ ಮೊದಮೊದಲು ಗದರಿದ. ಆಮೇಲೆ ಗದರುವುದನ್ನು ಬಿಟ್ಟು ಮೆತ್ತಗೆ ಮಾತಾಡತೊಡಗಿದ, ಅದು ಗದರುವುದಕ್ಕಿಂತ ಕೆಟ್ಟದ್ದು. ಸೋಮವಾರ ಬಳ್ಳಾರಿಗೆ, ಮೆದುಳಿನ ಡಾಕ್ಟರ ಹತ್ತಿರ ಕರೆದೊಯ್ಯುವುದೆಂದು ಗೊತ್ತುಮಾಡಿದ್ದ. ಇನ್ನು ಮೇಲೆ ಕಾರಿನ ಕೀ ತನ್ನ ಹತ್ತಿರವೇ ಇರಲಿ ಎಂದೂ ಹೇಳಿದ್ದ.

"ನಮ್ಮವ್ವಗೂ ಹಿಂಗ ಶುರು ಆಗಿತ್ತು," ಎಂದರು ಮರುಳಸಿದ್ದಮ್ಮ. "ಕೊನಿಗೆ ನನ್ನ ಹೆಸರೂ ಮರ್ತಿದ್ಲು."

ನಾನು ಕೆಲಸಕ್ಕಿಳಿದೆ. ಸೆಂಟರ್ ಲಾಕ್ ಕೈಕೊಟ್ಟರೆ ಬಹಳ ಸಲ ಕಾರಣ ಒಂದೇ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯೊಳಗೆ ವೈರು ತುಂಡಾಗಿರುತ್ತದೆ. ಸಂಡೂರಿನ ಗಾಡಿಗಳಾದರೆ ಅದಿರಿನ ಧೂಳು ಲಾಕಿನ ಮೋಟಾರಿಗೇ ಹೊಕ್ಕಿರುತ್ತದೆ. ವೈರು ಎಳೆದು ನೋಡಿದೆ, ಗಟ್ಟಿಯಾಗಿತ್ತು. ಬಾಗಿಲಿನ ಪ್ಯಾಡ್ ಬಿಚ್ಚಿ ಮೋಟಾರಿಗೆ ನೇರವಾಗಿ ಕರೆಂಟು ಕೊಟ್ಟೆ, ಟಕ್ ಅಂತ ಏರಿತು, ಟಕ್ ಅಂತ ಇಳಿಯಿತು. ಲಾಕಿನ ಸೆಟ್ಟು ಕಂಪನಿಯದಲ್ಲ, ಆಮೇಲೆ ಹೊರಗೆ ಹಾಕಿಸಿದ್ದು. ಆದರೂ ಅದರ ಕನೆಕ್ಷನ್ ಎಲ್ಲ ಸರಿಯಿದ್ದವು. ರಿಮೋಟಿನ ಸೆಲ್ಲೂ ಚೆನ್ನಾಗಿತ್ತು. ಲಾಕ್ ಮಾಡಿ ನಿಲ್ಲಿಸಿದ ಕಾರು ಮಧ್ಯಾಹ್ನದವರೆಗೂ ಮಿಸುಕಲಿಲ್ಲ.

"ಗಾಡಿ ಸರಿ ಐತ್ರಿ ಅಮ್ಮಾರ," ಎಂದೆ.

"ಆತು ಬಿಡಪ್ಪ," ಎಂದು ಅವರು ಕುರ್ಚಿಯಿಂದ ಎದ್ದರು.

ನನಗೆ ಎಲ್ಲಿತ್ತೋ ಸಿಟ್ಟು. ಒಬ್ಬ ಹೆಣ್ಣುಮಗಳ ತಲೆ ಕೆಟ್ಟಿದೆ ಎಂದು ಸರ್ಟಿಫಿಕೇಟು ಕೊಡಲು ನಾನು ಯಾವ ಊರ ಡಾಕ್ಟರು? ಮಗ ಹೇಳಿದ್ದೇ ಖರೆ ಇರಬಹುದು ಎಂದು ನನಗೂ ಒಂದು ಗಳಿಗೆ ಅನ್ನಿಸಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು.

"ನಿಂದರ್ರಿ. ಇದು ಎಲ್ಲೆಲ್ಲಿ ತೆರಕೊಂಡಿರ್ತೈತ್ರಿ?"

"ಮನಿ ಮುಂದ."

"ಬ್ಯಾಂಕಿನ ಮುಂದ? ಸಂತ್ಯಾಗ?"

ಅವರು ಯೋಚಿಸಿದರು. "ಇಲ್ಲ. ಅಲ್ಲೆಲ್ಲ ಹಾಕಿದ್ದು ಹಾಕಿದಂಗ ಇರ್ತೈತಿ."

"ಮರಿಯೋರು ಮನಿ ಮುಂದ ಅಷ್ಟ ಮರಿತಾರೇನ್ರಿ? ನಡೀರಿ, ನಾನೂ ಬರ್ತೀನಿ."

ಕಂಪ್ಲಿ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಅಂಗಳದಲ್ಲಿ ನನ್ನನ್ನು ಕಂಡು ಸಿದ್ದಲಿಂಗೇಶ ಪಕ್ಕಕ್ಕೆ ಕರೆದ. ಕೆಟ್ಟ ಹುಡುಗನಲ್ಲ, ಮುಖ ಬಾಡಿತ್ತು.

"ಅಣ್ಣಾ, ಒಂದು ವೈರ್ ಹೋಗಿತ್ತು, ಹಾಕೀನಿ ಅಂತ ಹೇಳಿಬಿಡ್ರಿ. ಅವ್ವಗ ಅಷ್ಟ ಸಮಾಧಾನ ಆಗ್ಲಿ."

"ಸುಳ್ಳು ವೈರ್ ನಮ್ಮ ಅಂಗಡ್ಯಾಗ ಸಿಗಂಗಿಲ್ರಿ," ಎಂದೆ. ಅವನು ತಲೆ ಅಲ್ಲಾಡಿಸಿ ಸ್ನಾನಕ್ಕೆ ಹೋದ.

ನಾನು ಕಾರನ್ನು ಲಾಕ್ ಮಾಡಿದೆ. ಮರುಳಸಿದ್ದಮ್ಮ ನಾಲ್ಕೂ ಬಾಗಿಲು ಎಳೆದು ನೋಡಿದರು. ಕೀ ನನ್ನ ಕೈಯಲ್ಲೇ ಇಟ್ಟುಕೊಂಡು ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಸೊಸೆ ಶಾಂಭವಿ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಚಹಾ ತಂದು ಕೊಟ್ಟಳು. ಒಳಗೆ ಪೂಜೆಯ ಗಂಟೆ ಕೇಳಿಸಿತು. ಗಂಟೆ ನಿಂತಿತು. ಸ್ವಲ್ಪ ಹೊತ್ತಿಗೆ ಟಕ್ ಎಂದು ಕಾರಿನ ಲಾಕುಗಳೆಲ್ಲ ಮೇಲೆದ್ದವು.

ಮರುಳಸಿದ್ದಮ್ಮ ನನ್ನ ರಟ್ಟೆ ಹಿಡಿದರು. "ನಾ ಮುಟ್ಟಿಲ್ಲ, ನೋಡಿದೆಲ್ಲ? ಕೀ ನಿನ್ನ ಕೈಯಾಗ ಐತಿ!"

"ನಾನೂ ಒತ್ತಿಲ್ರಿ. ಇನ್ನೊಂದು ಕೀ ಎಲ್ಲೈತಿ?"

"ದೇವರ ಜಗಲಿ ಮ್ಯಾಲ. ದಸರಾದಾಗ ಪೂಜಿಗೆ ಇಟ್ಟಿದ್ವಿ. ದೇವರ ಮುಂದಿಟ್ಟದ್ದು ಯಾಕ ತೆಗಿಬೇಕಂತ ಅಲ್ಲೇ ಬಿಟ್ಟೀವಿ."

ಕಾರನ್ನು ಮತ್ತೆ ಲಾಕ್ ಮಾಡಿ ಒಳಗೆ ಹೋದೆ. ದೇವರ ಕೋಣೆಯ ಕಿಟಕಿ ಅಂಗಳಕ್ಕೇ ಇತ್ತು. ಸಿದ್ದಲಿಂಗೇಶ ಮಡಿಯುಟ್ಟು ಕುಳಿತಿದ್ದ, ಹಣೆಯ ಮೇಲೆ ವಿಭೂತಿ ಇನ್ನೂ ಹಸಿ. ಎದುರಿಗೆ ಜಗಲಿಯ ಮೇಲೆ ಹಾಸಿದ ಕೆಂಪು ಬಟ್ಟೆ, ಅದರ ಮೇಲೆ ವಿಭೂತಿ ಗಟ್ಟಿಯ ಹಿತ್ತಾಳೆ ಬಟ್ಟಲು.

"ಇನ್ನೊಮ್ಮೆ ವಿಭೂತಿ ಹಚ್ಚಿಕೊಳ್ರಿ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಆದರೂ ಮೂರು ಬೆರಳು ಒದ್ದೆ ಮಾಡಿಕೊಂಡು ಗಟ್ಟಿಯ ಮೇಲೆ ಒತ್ತಿ ತಿಕ್ಕಿದ. ಹೊರಗೆ ಟಕ್ ಎಂದಿತು. ಬಟ್ಟಲು ಎತ್ತಿ ಬಟ್ಟೆ ಸರಿಸಿದೆ. ಬಟ್ಟಲಿನ ತಳಕ್ಕೆ ಸರಿಯಾಗಿ ಆ ಕೀ, ತೆರೆಯುವ ಗುಂಡಿ ಮೇಲ್ಮುಖವಾಗಿ.

ದಿನಾ ಎರಡು ಹೊತ್ತು ಅವನು ಹಣೆಗೆ ಹಚ್ಚಿಕೊಳ್ಳಲು ಬೆರಳು ಒತ್ತುತ್ತಿದ್ದ, ಕಾರು ತೆರೆದುಕೊಳ್ಳುತ್ತಿತ್ತು. ಪೂಜೆ ಮುಗಿಸಿ ಗಿರಣಿಗೆಂದು ಹೊರಬಂದು, ತಾನೇ ತೆರೆದ ಬಾಗಿಲು ನೋಡಿ ತಾಯಿಯ ಬುದ್ಧಿ ಹೋಯಿತೆಂದು ಮರುಗುತ್ತಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಬೈಯಬೇಕೆಂದಿದ್ದೆ, ಅವನ ಮುಖ ನೋಡಿ ಬಿಟ್ಟೆ.

"ಯವ್ವಾ," ಎಂದು ಅವನು ಕುಳಿತಲ್ಲಿಂದ ಎದ್ದ.

ಬಾಗಿಲಲ್ಲಿ ನಿಂತಿದ್ದ ಮರುಳಸಿದ್ದಮ್ಮ ಅವನ ಕಡೆ ನೋಡಲೇ ಇಲ್ಲ. ಕಣ್ಣೊರೆಸಿಕೊಂಡು ನೇರ ಸೊಸೆಯ ಮುಂದೆ ಹೋಗಿ ಎರಡೂ ಕೈ ಚಾಚಿದರು.

"ಕೊಡು ಇಲ್ಲಿ ಕೂಸಿನ್ನ."

ಶಾಂಭವಿ ನಿಂತಲ್ಲೇ ನಿಂತಳು. "ಅತ್ತಿ, ತವರಿಂದ ಬಂದಾಗಿಂದ ಒಂದಿನ ನೀವು ಇದನ್ನ ಎತ್ಕೊಂಡಿಲ್ಲ. ಹೆಣ್ಣಾತು ಅಂತ ಸಿಟ್ಟು ಅಂತ ನಾನು..."

"ಹುಚ್ಚಿ," ಎಂದರು ಮರುಳಸಿದ್ದಮ್ಮ. "ಎಲ್ಲೆರ ಮಲಗಿಸಿ ಮರ್ತುಬಿಟ್ಟೇನು ಅಂತ ಅಂಜಿದ್ನೆವ್ವಾ."