ಗೆರೆ ಮಾಸ್ಟ್ರ ಪೈಜಾಮ

ಗೆರೆ ಮಾಸ್ಟ್ರು ಹೊಲಿದು ಇಸ್ತ್ರಿ ಮಾಡಿಕೊಟ್ಟ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಮಾಸ್ಟ್ರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು. ಬೀದಿಯ ತಿರುವಿನಲ್ಲಿ ಅವರದು ಟೈಲರ್ ಅಂಗಡಿ, ಅಂಗಡಿಯ ಹಿಂದೆ ಮನೆ, ಮೇಲೆ ಬಾಡಿಗೆಗೆ ಕೊಟ್ಟ ಒಂದು ಕೋಣೆ. ಮನೆಯ ಹೊಸ್ತಿಲು ದಾಟಬೇಕಾದರೆ ಅವರಿಗೆ ಇಸ್ತ್ರಿ ಪ್ಯಾಂಟು, ಒಳಗೆ ಸೇರಿಸಿದ ಅಂಗಿ, ಬೆಲ್ಟು, ಪಾಲಿಶ್ ಮಾಡಿದ ಬೂಟು, ಇಷ್ಟೂ ಇರಲೇಬೇಕು. ಕಸದ ಬುಟ್ಟಿ ಹೊರಗಿಡುವುದಕ್ಕೂ ಬೂಟು.

"ಕಸದ ಗಾಡಿಯವನು ಒಂದಲ್ಲ ಒಂದಿನ ನಿಮಗೆ ಸಲ್ಯೂಟ್ ಹೊಡೀತಾನೆ, ನೋಡ್ತಾ ಇರಿ," ಎಂದು ಹೆಂಡತಿ ನಗುತ್ತಿದ್ದರು.

ಮಾಸ್ಟ್ರು ನಗುತ್ತಿರಲಿಲ್ಲ. ಮನುಷ್ಯ ಮನೆಯೊಳಗೆ ಹೇಗಾದರೂ ಇರಲಿ, ಬೀದಿಗೆ ಬಂದ ಮೇಲೆ ನೋಡುವವರ ಕಣ್ಣಿಗೂ ಒಂದು ಮರ್ಯಾದೆ ಕೊಡಬೇಕು ಎಂಬುದು ಅವರ ಸಿದ್ಧಾಂತ. ಅಳತೆ ಕೊಡಲು ಯಾರಾದರೂ ಪೈಜಾಮದಲ್ಲಿ ಬಂದರೆ "ಸಡಿಲ ಬಟ್ಟೆ ಮೇಲೆ ಅಳತೆ ಸರಿ ಬರಲ್ಲ, ನಾಳೆ ಬನ್ನಿ" ಎಂದು ಸಾಗಹಾಕುತ್ತಿದ್ದರು. ಮಕ್ಕಳಿಗೆ ಮಾತ್ರ ಒಂದು ರಿಯಾಯಿತಿ ಇತ್ತು. ಹಾಲುಹಲ್ಲು ಇರುವ ತನಕ ಪೈಜಾಮ ಮಾಫಿ. ಮೊದಲ ಹಲ್ಲು ಬಿದ್ದ ದಿನದಿಂದ ಮಗುವೂ ದೊಡ್ಡವರ ಲೆಕ್ಕ.

ಈ ಕಾನೂನಿನಿಂದ ಅತಿ ಹೆಚ್ಚು ಕಷ್ಟಕ್ಕೆ ಬಿದ್ದವಳು ಅವರ ಮೊಮ್ಮಗಳು ಗುಬ್ಬಿ. ಪಕ್ಕದ ಬೀದಿಯಲ್ಲಿರುವ ಮಗಳು ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವಾಗ ಕೂಸನ್ನು ಹಾಸಿಗೆಯಿಂದ ಎತ್ತಿಕೊಂಡು, ಹಾಕಿದ ಪೈಜಾಮದಲ್ಲೇ ತಂದು ಅಜ್ಜಿಯ ಮಡಿಲಿಗೆ ಹಾಕಿ ಓಡುತ್ತಿದ್ದಳು. ಈಚೆಗೆ ಗುಬ್ಬಿಯ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಅವಳು ಒಂದೇ ಕಡೆಯಿಂದ ಅಗಿಯುತ್ತಿದ್ದಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಎಲ್ಲಿ, ಬಾಯಿ ತೆಗಿ ನೋಡೋಣ," ಎಂದರು ಮಾಸ್ಟ್ರು ಒಂದು ದಿನ.

"ಅದು ಅಲ್ಲಾಡ್ತಾ ಇಲ್ಲ ತಾತ. ನಾನೇ ಅಲ್ಲಾಡಿಸ್ತಾ ಇದ್ದೀನಿ."

ಗುಬ್ಬಿಯ ವಿಷಯ ಹಾಗಿರಲಿ, ಮೇಲಿನ ಕೋಣೆಯವಳ ಹಲ್ಲೆಲ್ಲ ಗಟ್ಟಿಯಾಗಿದ್ದವು. ಅವಳು ಆಸ್ಪತ್ರೆಯಲ್ಲಿ ನರ್ಸು, ಕೆಲಸ ರಾತ್ರಿ ಪಾಳಿಯಲ್ಲಿ. ಬೆಳಿಗ್ಗೆ ಬಂದು ಸ್ನಾನ ಮಾಡಿ, ಹಳದಿ ಬಾತುಕೋಳಿಗಳಿರುವ ನೀಲಿ ಪೈಜಾಮ ತೊಟ್ಟು, ಎದುರಿನ ಅಂಗಡಿಯಿಂದ ಹಾಲು, ಬ್ರೆಡ್ಡು ತಂದು ತಿಂದು ಮಲಗುತ್ತಿದ್ದಳು. ಸರಿಯಾಗಿ ಮಾಸ್ಟ್ರ ಗಿರಾಕಿಗಳು ಬರುವ ಹೊತ್ತಿಗೇ ಬಾತುಕೋಳಿಗಳ ಮೆರವಣಿಗೆ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಒಂದು ದಿನ ಮಾಸ್ಟ್ರಿಗೆ ತಡೆಯಲಾಗಲಿಲ್ಲ.

"ನೋಡಮ್ಮ, ಇದು ಬೀದಿ. ಮಲಗೋ ಕೋಣೆ ಅಲ್ಲ."

"ಗೊತ್ತು ಮಾಸ್ಟ್ರೇ. ಆದ್ರೆ ನಿಮಗೆ ಈಗ ಬೆಳಗ್ಗೆ, ನನಗೆ ರಾತ್ರಿ. ಮಲಗೋ ಹೊತ್ನಲ್ಲಿ ಯಾರಾದ್ರೂ ಹಾಲು ತರೋಕೆ ಸೂಟು ಹಾಕ್ಕೊಂಡು ಹೋಗ್ತಾರಾ?"

ಒಳಗೆ ಎರಡೂ ಕೈ ಎತ್ತಿ ಅಳತೆ ಕೊಡುತ್ತ ನಿಂತಿದ್ದ ಬ್ಯಾಂಕ್ ಮ್ಯಾನೇಜರು ಕಿಸಕ್ಕನೆ ನಕ್ಕುಬಿಟ್ಟರು. ಅವರು ನಗದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಮಾಸ್ಟ್ರ ಕಿವಿ ಕೆಂಪಾಯಿತು. ಹಾಲಿನಂಗಡಿಯ ಮುಂದೆ ನಿಂತವರೆಲ್ಲ ಕೇಳುವ ಹಾಗೆ, "ನನ್ನ ಮನೇಲಿ ಇರೋರು ಮನುಷ್ಯರ ಥರ ಇರ್ಬೇಕು. ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು," ಎಂದುಬಿಟ್ಟರು.

ಅವಳು ಹಾಲಿನ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು.

"ಬಾತುಕೋಳಿ ನಿಮಗೇನು ಕಚ್ಚಿತ್ತಾ?" ಎಂದು ಊಟದ ಹೊತ್ತಿಗೆ ಹೆಂಡತಿ ಕೇಳಿದರು. ಆದರೆ ಮಾಸ್ಟ್ರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಕೊಟ್ಟ ಮಾತು, ಹಾಕಿದ ಕತ್ತರಿ ಎರಡನ್ನೂ ಹಿಂದಕ್ಕೆ ತೆಗೆದುಕೊಂಡವರಲ್ಲ. ತಿಂಗಳ ಕೊನೆಗೆ ಹೋಗಲು ನರ್ಸು ಊರಿನ ಆ ತುದಿಯಲ್ಲಿ ಬೇರೆ ಕೋಣೆ ನೋಡಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಪಾತ್ರೆಯದಲ್ಲ. ಮಾಸ್ಟ್ರು ಆಗಷ್ಟೇ ಎದ್ದು, ತಮ್ಮ ಹಳೆಯ ಪಟ್ಟೆ ಪೈಜಾಮದಲ್ಲಿ ನಿಂತು ಕಟ್ಟುಹಲ್ಲು ತೊಳೆಯುತ್ತಿದ್ದರು. ಓಡಿ ಬಂದು ನೋಡಿದರೆ ಹೆಂಡತಿ ನೆಲದ ಮೇಲೆ. ಕಣ್ಣು ಅರ್ಧ ತೆರೆದಿತ್ತು. ಕರೆದರೆ ಉತ್ತರವಿಲ್ಲ, ಉಸಿರೂ ಇಲ್ಲ. ಮೂಲೆಯಲ್ಲಿ ಗುಬ್ಬಿ ಬಾಯಿ ತೆರೆದುಕೊಂಡು ನಿಂತಿದ್ದಳು.

ಯಾರನ್ನಾದರೂ ಕರೆಯಬೇಕು ಎಂದು ಮಾಸ್ಟ್ರು ಬಾಗಿಲಿಗೆ ಓಡಿದರು. ಹೊಸ್ತಿಲ ಹತ್ತಿರ ಕಾಲು ತಾನಾಗಿ ನಿಂತಿತು. ಹಿಂದಿರುಗಿ ಕೋಣೆಗೆ ಹೋದರು. ಪ್ಯಾಂಟು ಏರಿಸಿದರು. ಅಂಗಿ ಒಳಗೆ ಸೇರಿಸಿದರು. ಬೆಲ್ಟಿನ ತೂತು ಕೈಗೆ ಸಿಗದೆ ತಡವರಿಸಿದರು. ಹೆಂಡತಿಯ ಮೇಲೆ ಪ್ರೀತಿ ಇಲ್ಲದ ಗಂಡಸು ಎಂದು ಯಾರೂ ತಿಳಿಯಬೇಡಿ. ಅವರ ತುಟಿ ಅವಳ ಹೆಸರನ್ನೇ ಕರೆಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೆ ಅಭ್ಯಾಸ ಬಿದ್ದ ಕೈ ಬುದ್ಧಿಯನ್ನು ಕೇಳಿಕೊಂಡು ಕೆಲಸ ಮಾಡುವುದಿಲ್ಲ. ಅವರು ಬೂಟು ಹಿಡಿದುಕೊಂಡು ಹೊರಬಂದಾಗ ಅಡುಗೆಮನೆಯ ನೆಲದ ಮೇಲೆ ಹಳದಿ ಬಾತುಕೋಳಿಗಳು ಕಂಡವು.

ಗುಬ್ಬಿ ಬರಿಗಾಲಲ್ಲಿ, ತನ್ನ ಪೈಜಾಮದಲ್ಲೇ ಮೇಲಕ್ಕೆ ಓಡಿ ಬಾಗಿಲು ಬಡಿದಿದ್ದಳು. ಆಗಷ್ಟೇ ಪಾಳಿ ಮುಗಿಸಿ ಬಂದು ಪೈಜಾಮ ತೊಟ್ಟಿದ್ದ ನರ್ಸು ಹಾಗೆಯೇ ಇಳಿದು ಬಂದಿದ್ದಳು. ಈಗ ಮಂಡಿಯೂರಿ, ಎರಡೂ ಅಂಗೈ ಜೋಡಿಸಿ, ಬಾಯಲ್ಲಿ ಎಣಿಸುತ್ತ ಮಾಸ್ಟ್ರ ಹೆಂಡತಿಯ ಎದೆ ಒತ್ತುತ್ತಿದ್ದಳು. ಬಿಚ್ಚಿದ ಕೂದಲು ಮುಖದ ಮೇಲೆಲ್ಲ ಬಿದ್ದಿತ್ತು.

"ಆಂಬುಲೆನ್ಸಿಗೆ ಫೋನ್ ಮಾಡಿ ಮಾಸ್ಟ್ರೇ! ಬೂಟು ಕೆಳಗಿಡಿ, ಫೋನ್ ಮಾಡಿ!"

ಆಂಬುಲೆನ್ಸು ಬರುವ ತನಕ ಅವಳು ಒತ್ತುವುದನ್ನು ನಿಲ್ಲಿಸಲಿಲ್ಲ. ಬಂದ ಮೇಲೆ ಹತ್ತಿ ಜೊತೆಗೇ ಹೋದಳು. ತಾನು ದುಡಿಯುವ ಆಸ್ಪತ್ರೆಗೆ, ತನ್ನ ಜೊತೆಯವರ ಎದುರಿಗೆ, ಬಾತುಕೋಳಿ ಪೈಜಾಮದಲ್ಲಿ, ಕಾಲಿಗೆ ಚಪ್ಪಲಿಯೂ ಇಲ್ಲದೆ. ಹಗಲೆಲ್ಲ ಮಾಸ್ಟ್ರ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಅವಳ ಪಾಲಿನ ರಾತ್ರಿ ಅದು, ಪೂರ್ತಿ ನಿದ್ದೆಗೆಟ್ಟಳು. ಸಂಜೆ ಡಾಕ್ಟರು ಹೊರಬಂದು, "ಗಂಡಾಂತರ ಕಳೀತು," ಎಂದರು. "ಎದೆ ನಿಂತಾಗ ಮೊದಲ ಒಂದೆರಡು ನಿಮಿಷಾನೇ ಎಲ್ಲ. ಇವರು ತಕ್ಷಣ ಶುರು ಮಾಡಿದ್ದಕ್ಕೆ ಉಳಿದ್ರು. ಸ್ವಲ್ಪ ತಡ ಆಗಿದ್ರೆ ನಮ್ಮ ಕೈಯಲ್ಲೂ ಏನೂ ಇರ್ತಿರ್ಲಿಲ್ಲ."

ಮಾಸ್ಟ್ರು ತಲೆ ತಗ್ಗಿಸಿದರು. ತಗ್ಗಿಸಿದರೆ ಬೆಲ್ಟು ಕಣ್ಣಿಗೆ ಬಿತ್ತು. ಸರಿಯಾದ ತೂತಿನಲ್ಲಿ, ನೇರವಾಗಿ ಕೂತಿತ್ತು. ಅಚ್ಚುಕಟ್ಟಾಗಿ ಬಟ್ಟೆ ಹಾಕಿಕೊಂಡಿದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ಅವರಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತವಳಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದರು, ಕೊನೆಗೆ ಎದ್ದು ಹೋಗಿ ಒಂದು ಲೋಟ ಕಾಫಿ ತಂದುಕೊಟ್ಟರು.

ಹೆಂಡತಿ ಮನೆಗೆ ಬಂದರು. ತಿಂಗಳ ಕೊನೆಯೂ ಬಂತು. ಮೇಲೆ ಸಾಮಾನು ಕಟ್ಟುವ ಸದ್ದು ಕೇಳುವಾಗಲೆಲ್ಲ ಮಾಸ್ಟ್ರು ಮೆಟ್ಟಿಲ ತನಕ ಹೋಗಿ ವಾಪಸಾಗುತ್ತಿದ್ದರು. ಇರು ಎನ್ನಬೇಕು. ಆದರೆ ಹೋಗು ಎಂದ ಬಾಯಿ ಇರು ಎನ್ನುವುದು ಹೇಗೆ? ಬಾಯಿ ಸೋತಲ್ಲಿ ಕೈಯನ್ನು ಮುಂದೆ ಬಿಟ್ಟರು. ಜೀವಮಾನದಲ್ಲಿ ಯಾವ ಗಿರಾಕಿಗೂ ಹೊಲಿದುಕೊಡದ ಪೈಜಾಮವನ್ನು ಹೊಲಿಯಲು ಕೂತರು. ಅಂಗಡಿಯಲ್ಲಿದ್ದ ಅತಿ ಮೆತ್ತನೆಯ ಹತ್ತಿ ಬಟ್ಟೆ ಆರಿಸಿದರು, ಊಟ ಬಿಟ್ಟು ಹೊಲಿದರು, ಅವಳ ಬಾಗಿಲ ಹಿಡಿಗೆ ತೂಗುಹಾಕಿ ಕಳ್ಳನ ಹಾಗೆ ಇಳಿದು ಬಂದರು.

ಮರುದಿನ ಸಂಜೆ ನರ್ಸು ಕೆಳಗೆ ಬಂದಳು. ಕಣ್ಣು ಕೆಂಪಗಿತ್ತು.

"ಮಾಸ್ಟ್ರೇ, ಪೈಜಾಮ ತುಂಬಾ ಚೆನ್ನಾಗಿದೆ. ನಂಗೆ ಇಷ್ಟು ಒಳ್ಳೆ ಬಟ್ಟೆ ಯಾರೂ ಕೊಟ್ಟಿಲ್ಲ. ಆದ್ರೆ..." ಎಂದು ತುಟಿ ಕಚ್ಚಿದಳು. "ಸೊಂಟಕ್ಕೆ ಒಳಗಡೆ ಗಟ್ಟಿ ಕ್ಯಾನ್ವಾಸ್ ಕೊಟ್ಟಿದ್ದೀರ. ಬೆಲ್ಟ್ ಪಟ್ಟಿ ಇದೆ. ಹಿಂದೆ ಗುಂಡಿ ಇರೋ ಜೇಬು. ಅದನ್ನ ಹಾಕ್ಕೊಂಡು ಮಲಗಿದ್ರೆ ಯಾವ ಗಳಿಗೇಲಿ ಇಂಟರ್‌ವ್ಯೂಗೆ ಕರೀತಾರೋ ಅನ್ನೋ ಹಾಗಾಯ್ತು. ಕಣ್ಣು ಮುಚ್ಚಲಿಲ್ಲ."

ಮಂಚದ ಮೇಲಿದ್ದ ಹೆಂಡತಿ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ ನಕ್ಕರು, ಎದೆ ಹಿಡಿದುಕೊಂಡು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳುತ್ತಾರೆಯೇ? ಮಾಸ್ಟ್ರೂ ಪೆಚ್ಚುಪೆಚ್ಚಾಗಿ ನಕ್ಕರು. ಅಷ್ಟರಲ್ಲಿ ಅವಳು, "ನಾಳೆ ಬೆಳಗ್ಗೆ ಸಾಮಾನಿಗೆ ವ್ಯಾನು ಬರುತ್ತೆ. ಅಮ್ಮಾವ್ರೇ, ಮಾತ್ರೆ ಬಿಡಬೇಡಿ," ಎಂದು ಹೇಳಿ ಕೆಲಸಕ್ಕೆ ಹೋದಳು.

"ಊರಿಗೆಲ್ಲ ಅಳತೆ ತೆಗೀತೀರಿ," ಎಂದರು ಹೆಂಡತಿ. ಈಗ ಅವರು ನಗುತ್ತಿರಲಿಲ್ಲ. "ಆ ಹುಡುಗಿಗೆ ಬೇಕಾಗಿರೋದು ಪೈಜಾಮ ಅಲ್ಲ ಕಣ್ರೀ, ಒಂದು ಮಾತು. ಬೀದೀಲಿ ನಿಂತು ಅಂದ್ರಿ. ಬೀದೀಲೇ ನಿಂತು ವಾಪಸ್ ತಗೊಳ್ಳಿ."

ಬೆಳಗಾಯಿತು. ಬಾಗಿಲ ಮುಂದೆ ವ್ಯಾನು ಬಂದು ನಿಂತಿತು. ಮಾಸ್ಟ್ರು ಗೂಟದಲ್ಲಿ ತೂಗುತ್ತಿದ್ದ ಬೆಲ್ಟಿನ ಕಡೆ ನೋಡಿದರು. ಆಮೇಲೆ ಹಾಕಿದ ಪಟ್ಟೆ ಪೈಜಾಮದಲ್ಲೇ ಬಾಗಿಲಿಗೆ ಬಂದರು. ಹೊಸ್ತಿಲ ಹತ್ತಿರ ಕಾಲು ಮತ್ತೆ ನಿಂತಿತು. ಅವತ್ತು ಇಲ್ಲಿಂದ ಹಿಂದಕ್ಕೆ ಹೋಗಿದ್ದು ನೆನಪಾಯಿತು. ಕಣ್ಣು ಮುಚ್ಚಿ ದಾಟಿದರು.

ಹಾಲಿನಂಗಡಿಯ ಮುಂದೆ ಮಾತು ಗಕ್ಕನೆ ನಿಂತಿತು. "ಮಾಸ್ಟ್ರೇ, ಮನೇಲಿ ಎಲ್ಲ ಕ್ಷೇಮ ತಾನೇ?" ಎಂದು ಅಂಗಡಿಯಾಕೆ ಗಾಬರಿಯಿಂದ ಕೇಳಿದಳು. ಕೈಯಲ್ಲಿ ಬ್ರೆಡ್ಡು ಹಿಡಿದಿದ್ದ ಬ್ಯಾಂಕ್ ಮ್ಯಾನೇಜರು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಗಲೇ ಮಾಸ್ಟ್ರಿಗೆ ಇನ್ನೊಂದು ಗೊತ್ತಾದದ್ದು: ಕಟ್ಟುಹಲ್ಲು ಲೋಟದಲ್ಲೇ ಉಳಿದಿತ್ತು. ಇನ್ನೇನು, ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದು ಅಲ್ಲೇ ನಿಂತರು. ಬಸ್ಸಿಳಿದು ನರ್ಸು ಬರುವುದು ಕಾಣಿಸಿತು.

"ನಿಲ್ಲಮ್ಮ," ಎಂದರು. ಹಲ್ಲಿಲ್ಲದ ಬಾಯಿಂದ ಮಾತಿನ ಜೊತೆ ಗಾಳಿಯೂ ಬರುತ್ತಿತ್ತು. "ಅವತ್ತು ಇದೇ ಜಾಗದಲ್ಲಿ ನಿನಗೆ ಒಂದು ಮಾತು ಅಂದೆ. ತಪ್ಪು ಅಂದೆ. ನನ್ನ ಹೆಂಡ್ತಿ ನೆಲದ ಮೇಲೆ ಬಿದ್ದಿದ್ಲು, ನಾನು ಒಳಗೆ ಬೆಲ್ಟ್ ಹಾಕ್ಕೊತಾ ಇದ್ದೆ. ಇದನ್ನ ಅವಳಿಗೂ ಹೇಳಿಲ್ಲ. ನೀನೂ ನನ್ನ ಹಾಗೆ ಮರ್ಯಾದಸ್ತೆ ಆಗಿ, ಬಟ್ಟೆ ಬದಲಾಯಿಸ್ಕೊಂಡು ಇಳಿದು ಬಂದಿದ್ರೆ, ಇವತ್ತು ನಾನು ಒಂಟಿ. ನಿನ್ನ ಋಣ ನಾನು ತೀರಿಸೋಕಾಗಲ್ಲ. ತೀರಿಸೋದೂ ಬೇಡ, ಇರಲಿ. ನೀನು ಹೋಗಬೇಡ ಮಗಳೇ."

ಈ ಸಲ ಮ್ಯಾನೇಜರು ನಗಲಿಲ್ಲ. ಯಾರೂ ನಗಲಿಲ್ಲ. ನರ್ಸು ಕಣ್ಣು ಒರೆಸಿಕೊಂಡು ಕೆಳಗೆ ನೋಡಿದಳು. ಪಟ್ಟೆ ಪೈಜಾಮದ ಎರಡೂ ಕಾಲಿನ ಮೇಲೆ ತರಕಾರಿ ಹೆಚ್ಚುವಂಥ ಗೆರೆ.

"ಮಾಸ್ಟ್ರೇ, ಇದಕ್ಕೂ ಇಸ್ತ್ರಿ ಹಾಕಿದ್ದೀರಾ?"

"ಇಲ್ಲಮ್ಮ, ಆಣೆಗೂ ಇಲ್ಲ," ಎಂದರು ಮಾಸ್ಟ್ರು. "ಸಂಜೆ ಸುಮ್ನೆ ಹಾಸಿಗೆ ಕೆಳಗೆ ಇಟ್ಟಿದ್ದೆ."

ಬೀದಿ ಘೊಳ್ಳೆಂದು ನಕ್ಕಿತು. ಆಗ ತಾಯಿಯ ಕೈ ಕೊಸರಿಕೊಂಡು ಗುಬ್ಬಿ ಓಡಿ ಬಂದಳು. ಪೈಜಾಮದ ತಾತನನ್ನು ನೋಡಿದಳು, ತಾತನ ಬೋಳು ಬಾಯಿಯನ್ನು ನೋಡಿದಳು. ನೋಡಿದವಳೇ ಎಷ್ಟೋ ದಿನದ ಮೇಲೆ ಕೈ ಅಡ್ಡ ಹಿಡಿಯದೆ ಬಾಯಿ ತೆರೆದಳು. ಮುಂದಿನ ಹಲ್ಲಿನ ಜಾಗ ಖಾಲಿಯಾಗಿತ್ತು.

"ತಾತ, ನಂದು ಆವಾಗ್ಲೇ ಬಿದ್ದೋಗಿದೆ. ಹಲ್ಲಿಲ್ದೇ ಇರೋರೂ ಪೈಜಾಮ ಹಾಕ್ಕೋಬಹುದಾ?"

"ಹಲ್ಲಿರೋರೂ ಹಾಕ್ಕೋಬಹುದು ಬಂಗಾರಿ," ಎಂದು ಮಾಸ್ಟ್ರು ಅವಳನ್ನು ಎತ್ತಿಕೊಂಡರು. ಬಾಗಿಲಲ್ಲಿ ಹೆಂಡತಿ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು, ಬೆಲ್ಟಿನ ವಿಷಯವನ್ನೂ. ಅವರು ಗಂಡನನ್ನು ನೋಡಿ, ಬೇಗ ಬನ್ನಿ ಎನ್ನುವಂತೆ ಕೈಯಾಡಿಸಿದರು.

ವ್ಯಾನಿನವನು ಹಾರ್ನ್ ಮಾಡಿದ. "ಮೇಡಂ, ಸಾಮಾನು ಇಳಿಸೋದಾ?"

"ಬೇಡಣ್ಣ," ಎಂದಳು ನರ್ಸು. "ನನಗೆ ರಾತ್ರಿ ಆಯ್ತು. ಹೋಗಿ ಮಲಗ್ತೀನಿ."

ಈಗಲೂ ಮಾಸ್ಟ್ರು ಅಂಗಡಿಗೆ ಬೂಟು, ಬೆಲ್ಟು ಹಾಕಿಕೊಂಡೇ ಬರುತ್ತಾರೆ. ಆದರೆ ಬೆಳಗಿನ ಹೊತ್ತು ಮಿಷನ್ ತುಳಿಯುವುದಿಲ್ಲ. ಗುಂಡಿ, ಕಾಜ, ಅಂಚು, ಏನಿದ್ದರೂ ಕೈಹೊಲಿಗೆ. ಯಾರಾದರೂ ಗಿರಾಕಿ, "ಮಾಸ್ಟ್ರೇ, ನನ್ನ ಪ್ಯಾಂಟು ಆಯ್ತಾ?" ಎಂದು ಗಂಟಲು ದೊಡ್ಡದು ಮಾಡಿದರೆ, ಸೂಜಿ ಹಿಡಿದ ಕೈಯನ್ನು ಸೂರಿನ ಕಡೆ ತೋರಿಸಿ, "ಮೆಲ್ಲಗೆ ಮಾತಾಡಿ," ಎನ್ನುತ್ತಾರೆ. "ಮೇಲೆ ಈಗ ರಾತ್ರಿ."