ಹಸಿರು ಗೆರೆ ಎಳೆದ ಸಾಲು

ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಇದನ್ನು ಹೇಳಬೇಕಾದವಳು ಜೆಸ್ಸಿ, ನಾನಲ್ಲ. ಅವಳು ಹೇಳಿದ್ದರೆ ನಾನು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತಿದ್ದೆ, ಅದೂ ಒಳ್ಳೆಯವಳಾಗಿ ಅಲ್ಲ. ನನಗೆ ಬರೆದು ರೂಢಿಯಿಲ್ಲ. ಹಗಲು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೊಂದೇ ನನಗೆ ಸರಿಯಾಗಿ ಬರುವ ವಿದ್ಯೆ. ಈ ಕತೆ ಹುಟ್ಟಿದ್ದೂ ಅದರಿಂದಲೇ.

ಆಗ 2016. ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಹದಿನಾಲ್ಕನೆಯ ಮಹಡಿಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ನನಗೆ ಕೆಲಸ. ಒಟ್ಟು ಎಂಟು ಜನ. ಮಾಲೀಕರು ಕಾರ್ಕಳದ ರಂಜಿತ್. ನಾನು ವೀಸಾದ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಎದುರಿನ ಮೇಜಿನಲ್ಲಿ ಜೆಸ್ಸಿ ಹೋಟೆಲ್ ಬುಕಿಂಗ್ ಮಾಡುತ್ತಿದ್ದಳು. ನನ್ನ ಗಂಡ ಲತೇಶ್ ದೂರದ, ಅಬುಧಾಬಿಯಾಚೆಯ ಮದೀನತ್ ಜಾಯೆದ್‌ನಲ್ಲಿ ಕೆಲಸದಲ್ಲಿದ್ದು ಗುರುವಾರ ಸಂಜೆ ಡಿಸ್ಕವರಿ ಗಾರ್ಡನ್ಸ್‌ನ ಮನೆಗೆ ಬಂದರೆ ಶನಿವಾರ ಮಧ್ಯಾಹ್ನ ಹೊರಡುತ್ತಿದ್ದರು. ಉಳಿದ ದಿನಗಳಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದವಳು ಜೆಸ್ಸಿ ಒಬ್ಬಳೇ.

ಅವಳು ಫಿಲಿಪೀನ್ಸಿನ ಪಲವಾನ್ ದ್ವೀಪದವಳು, ಎಲ್ ನಿದೊ ಎಂಬ ಕಡಲ ತೀರದ ಊರು. ನಮ್ಮ ಕಿಟಕಿಗೆ ಅಂಟಿಸಿದ್ದ ಪೋಸ್ಟರಿನಲ್ಲಿ ಕಪ್ಪು ಬಂಡೆಗಳ ನಡುವೆ ಹಸಿರು ನೀರು ಇತ್ತಲ್ಲ, ಅದೇ ಊರು. ಗಿರಾಕಿಗಳು ಅದನ್ನು ತೋರಿಸಿ ಇಲ್ಲಿಗೆ ಹೋಗಬೇಕು ಎಂದರೆ ಜೆಸ್ಸಿ ನಗುತ್ತ, ಯಾವ ತಿಂಗಳು ಗಾಳಿ ಕಡಿಮೆ, ಯಾವ ದಡದಲ್ಲಿ ಮರಳು ಮೆತ್ತಗೆ ಎಂದು ವಿವರಿಸುತ್ತಿದ್ದಳು. ಅವಳು ಅಲ್ಲಿಗೆ ಹೋಗಿ ಮೂರು ವರ್ಷವಾಗಿತ್ತು. ಮಗಳು ಲೈಕಾ ಅಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ರಜೆ ಕೇಳಿದಾಗೆಲ್ಲ ರಂಜಿತ್ ಸೀಸನ್ ಮುಗಿಯಲಿ ಎನ್ನುತ್ತಿದ್ದರು. ದುಬೈಯಲ್ಲಿ ಪ್ರವಾಸದವರ ಸೀಸನ್ ಯಾವಾಗ ಮುಗಿಯುತ್ತದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಜೆಸ್ಸಿ ನನ್ನನ್ನು 'ಆತೆ' ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ನಮ್ಮ ರಂಜಿತಣ್ಣನಿಗೆ ಅದೊಂದು ತಮಾಷೆ. "ಎಂತ ಸುಮಿತ್ರಕ್ಕ, ಮಗನೇ ಇಲ್ಲದೆ ಅತ್ತೆ ಆಗಿಬಿಟ್ರಲ್ಲ" ಎನ್ನುತ್ತಿದ್ದರು. ಜೆಸ್ಸಿ ನನ್ನಿಂದ ಎರಡೇ ಎರಡು ಕನ್ನಡ ಪದ ಕಲಿತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಮೇಜಿನಾಚೆಯಿಂದ ಕತ್ತು ಉದ್ದ ಮಾಡಿ, "ಊಟ ಆಯ್ತಾ, ಆತೆ?"

ಆ ಜನವರಿಯಲ್ಲಿ ಎಲ್ ನಿದೊದ ಹೊಸ ರೆಸಾರ್ಟ್ ಒಂದರಿಂದ ನಮಗೆ ಆಹ್ವಾನ ಬಂತು. ನಮ್ಮ ಕಸುಬಿನಲ್ಲಿ ಇದಕ್ಕೆ 'ಫ್ಯಾಮ್ ಟ್ರಿಪ್' ಅನ್ನುತ್ತಾರೆ. ಏಜೆನ್ಸಿಯ ಒಬ್ಬರನ್ನು ರೆಸಾರ್ಟಿನವರು ತಮ್ಮ ಖರ್ಚಿನಲ್ಲಿ ಕರೆಸಿಕೊಂಡು ಕೋಣೆ, ಊಟ, ಕಡಲು ಎಲ್ಲ ತೋರಿಸಿ ಕಳುಹಿಸುತ್ತಾರೆ. ನೋಡಿ ಬಂದವರು ಗಿರಾಕಿಗಳಿಗೆ ಹೇಳಲಿ ಎಂದು. ಮಾರ್ಚ್ ಆರರಿಂದ ಹನ್ನೊಂದರವರೆಗೆ. ಲೈಕಾಳಿಗೆ ಏಳು ತುಂಬುವುದು ಮಾರ್ಚ್ ಒಂಬತ್ತಕ್ಕೆ. ಅವರಲ್ಲಿ ಏಳನೆಯ ಹುಟ್ಟುಹಬ್ಬವೆಂದರೆ ಕೇರಿಗೆಲ್ಲ ಊಟ ಹಾಕುವಷ್ಟು ದೊಡ್ಡದು. ಹೋಗುವವಳು ಜೆಸ್ಸಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ರಂಜಿತ್ ಕೂಡ ಹೂಂ ಎಂದಿದ್ದರು. ಅವಳು ಮಧ್ಯಾಹ್ನದ ಬಿಡುವಿನಲ್ಲಿ ಇಬ್ನ್ ಬತೂತಾ ಮಾಲ್‌ಗೆ ಹೋಗಿ ಮಗಳಿಗೆ ಬಿಳಿ ಬೂಟು ತಂದಳು. ಅಳತೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಫೋನಿನ ಪರದೆಯ ಮೇಲೆ ಮಗಳ ಕಾಲು ನೋಡಿ ಅಂದಾಜು ಮಾಡಿದೆ ಎಂದಳು.

ರೆಸಾರ್ಟಿನವರು ಕಳಿಸಿದ ಅರ್ಜಿಯನ್ನು ಭರ್ತಿ ಮಾಡುವುದು ನನ್ನ ಕೆಲಸ. ನಾಲ್ಕು ಪುಟ. ಕೊನೆಯ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಷರತ್ತುಗಳು. ಅವನ್ನು ಯಾರೂ ಓದುವುದಿಲ್ಲ. ನಾನು ಓದಿದೆ. ಒಂಬತ್ತನೆಯದರಲ್ಲಿ ಹೀಗಿತ್ತು: ಆತಿಥೇಯ ದೇಶದ ಪ್ರಜೆಗಳನ್ನು ಈ ಪ್ರವಾಸಕ್ಕೆ ಹೆಸರಿಸುವಂತಿಲ್ಲ.

ಕರಡು ತಿದ್ದುತ್ತಿದ್ದ ದಿನಗಳಿಂದಲೂ ತಪ್ಪು ಸಿಕ್ಕಿದ ಕೂಡಲೇ ಅದಕ್ಕೆ ಗೆರೆ ಎಳೆಯದಿದ್ದರೆ ನನಗೆ ಸಮಾಧಾನವಿಲ್ಲ. ಆ ಸಾಲಿಗೆ ಹಸಿರು ಹೈಲೈಟರ್ ಎಳೆದೆ. ಆಫೀಸಿನಲ್ಲಿ ಹಸಿರು ಬಳಸುತ್ತಿದ್ದವಳು ನಾನೊಬ್ಬಳೇ, ಉಳಿದವರದೆಲ್ಲ ಹಳದಿ. ರೆಸಾರ್ಟಿಗೆ ಒಂದು ಇಮೇಲ್ ಕಳಿಸಿ ಕೇಳಬಹುದಿತ್ತು. ಮೊದಲು ಜೆಸ್ಸಿಗೆ ಹೇಳಬಹುದಿತ್ತು. ಎರಡೂ ಮಾಡಲಿಲ್ಲ. ಕಾಗದ ಹಿಡಿದು ನೇರ ರಂಜಿತರ ಕೋಣೆಗೆ ಹೋದೆ. ವಿಮಾನ ಇಳಿದ ಮೇಲೆ ಅವಳನ್ನು ಬೇಡವೆಂದರೆ ಅವಳಿಗೇ ಅವಮಾನವಲ್ಲವೇ ಎಂಬ ಯೋಚನೆ ಇತ್ತು. ಇತ್ತು ಎಂದೇ ನಾನು ನಂಬಿಕೊಂಡಿದ್ದೇನೆ.

ರಂಜಿತ್ ಓದಿ ಕನ್ನಡಕ ತೆಗೆದರು. "ಇದನ್ನೆಲ್ಲ ಯಾರು ಓದ್ತಾರೆ ಮಾರಾಯ್ರೆ, ನೀವೊಬ್ರೇ. ಓದಿದ ಮೇಲೆ ಓದ್ಲಿಲ್ಲ ಅನ್ಲಿಕ್ಕೆ ಆಗ್ತದಾ? ನಾಳೆ ಎಂತಾದ್ರೂ ಆದ್ರೆ ನಮ್ಮ ಹೆಸರೇ ಹೋಗ್ತದೆ. ಖಲಾಸ್. ನೀವೇ ಹೋಗಿ ಬನ್ನಿ."

"ಬೇಡ ರಂಜಿತಣ್ಣ. ಅವಳ ಮಗಳ ಬರ್ತ್‌ಡೇ ಉಂಟು."

"ಬರ್ತ್‌ಡೇ ವರ್ಷ ವರ್ಷ ಬರ್ತದೆ."

ನಮ್ಮ ಕಡೆ ಊಟಕ್ಕೆ ಕೂತವರು ಇನ್ನೊಂದು ಹೋಳಿಗೆಗೆ ಮೂರು ಸಲ ಬೇಡ ಎನ್ನುತ್ತಾರೆ. ನಾನು ಒಂದೇ ಸಲ ಬೇಡ ಎಂದೆ.

ಜೆಸ್ಸಿಗೆ ರಂಜಿತ್ ಹೋಟೆಲಿನವರ ರೂಲ್ ಎಂದಷ್ಟೇ ಹೇಳಿದರು. ಅದನ್ನು ಕಂಡುಹಿಡಿದವರು ಯಾರು ಎಂದು ಹೇಳಲಿಲ್ಲ. ಅವಳು ಓಕೆ ಸರ್ ಎಂದಳು. ಸಂಬಳವಿಲ್ಲದ ರಜೆ ಕೇಳಿದಳು. ಇಬ್ಬರು ಒಟ್ಟಿಗೆ ಹೋದರೆ ಆಫೀಸು ನಡೆಯುವುದು ಹೇಗೆ ಎಂಬ ಉತ್ತರ ಬಂತು. ಆ ಇಬ್ಬರಲ್ಲಿ ಒಬ್ಬಳು ನಾನು. ಮಧ್ಯಾಹ್ನ ನನ್ನ ಮೇಜಿಗೆ ಬಂದು, ನೀವು ಹೋಗುತ್ತಿರುವುದೇ ಒಳ್ಳೆಯದಾಯಿತು, ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಬನ್ನಿ ಎಂದು ಕೇಳಲೂ ಆಗುತ್ತಿರಲಿಲ್ಲ ಎಂದಳು. ಆಗ ನಾನು ಹೇಳಬೇಕಿತ್ತು.

ಭಾರತದವಳಾದ ನನಗೆ ಅಲ್ಲಿಗೆ ವೀಸಾ ಬೇಕಿತ್ತು. ಅಲ್ ಕುಸೈಸ್‌ನಲ್ಲಿದ್ದ ಅವರ ಕಾನ್ಸುಲೇಟಿಗೆ ಜೆಸ್ಸಿಯೇ ನನ್ನೊಂದಿಗೆ ಬಂದು ಸರತಿಯಲ್ಲಿ ನಿಂತಳು. ಅರ್ಜಿಯಲ್ಲಿ ಅಲ್ಲಿಯ ಪರಿಚಯಸ್ಥರು ಎಂಬಲ್ಲಿ ತನ್ನ ತಾಯಿಯ ಹೆಸರು ಬರೆದಳು. ಬರೆದು ಪೆನ್ನಿನ ಮುಚ್ಚಳ ಹಾಕುತ್ತ ನಕ್ಕಳು. "ವೀಸಾ ಬೇಡದವಳು ಇಲ್ಲಿರುತ್ತಾಳೆ, ವೀಸಾ ಬೇಕಾದವರು ಹೋಗುತ್ತಾರೆ. ಚೆನ್ನಾಗಿದೆ ಅಲ್ವಾ ಆತೆ?" ನಾನೂ ನಕ್ಕೆ.

ಹೊರಡುವ ಹಿಂದಿನ ದಿನ ಬೂಟಿನ ಪೆಟ್ಟಿಗೆ, ಒಂದು ಗುಲಾಬಿ ಫ್ರಾಕು, ಎರಡು ಡಬ್ಬಿ ಚಾಕಲೇಟು ಕೊಟ್ಟಳು. ಮತ್ತೆ ಒಂದೇ ಬೇಡಿಕೆ. "ಗಾಡಿ ಮನೆ ಮುಂದೆ ನಿಲ್ಲುವ ಮೊದಲೇ ವಿಡಿಯೊ ಶುರು ಮಾಡಿ ಆತೆ. ಅವಳು ಓಡಿ ಬರುವುದು ನನಗೆ ನೋಡಬೇಕು."

ಎಲ್ ನಿದೊ ಚೆಂದದ ಊರು. ಹಾಗೆ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಲಾರೆ. ನಾನು ಹುಟ್ಟಿದ್ದು ಪಡುಬಿದ್ರಿಯ ಕಡಲಿನಿಂದ ಕೂಗಳತೆಯಲ್ಲಿ. ಕಡಲೆಂದರೆ ನನಗೆ ಅಬ್ಬರ, ಉಪ್ಪು ಗಾಳಿ, ಒಣಮೀನಿನ ವಾಸನೆ. ಇಲ್ಲಿನ ಕಡಲು ದೇವಸ್ಥಾನದ ಕೆರೆಯ ಹಾಗೆ ಸುಮ್ಮನಿತ್ತು. ನೀರಿನಿಂದಲೇ ಎದ್ದ ಕರಿಬಂಡೆಗಳು, ಎರಡೂ ಬದಿಗೆ ಬಿದಿರಿನ ರೆಕ್ಕೆ ಕಟ್ಟಿದ ದೋಣಿಗಳು, ಮೊಣಕಾಲುದ್ದದ ನೀರಿನಲ್ಲಿ ನಿಂತರೆ ಕಾಲಬೆರಳಿನ ಸುತ್ತ ಸುತ್ತುವ ಪುಟ್ಟ ಮೀನುಗಳು. ಮೊದಲ ಸಂಜೆ ಮರಳಿನ ಮೇಲೆ ಕೂತು ಎಳನೀರು ಕುಡಿಯುವಾಗ ನನಗೆ ಖುಷಿಯಾಗಿತ್ತು. ಮೂವತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೂರಿಸಿ ಉಪಚರಿಸಿರಲಿಲ್ಲ. ಅರ್ಧ ಗಂಟೆ ಜೆಸ್ಸಿಯ ನೆನಪೇ ಬರಲಿಲ್ಲ.

ನಾವು ಹನ್ನೆರಡು ಏಜೆಂಟರು ದಿನವಿಡೀ ಕೋಣೆಯಿಂದ ಕೋಣೆಗೆ ನಡೆದು ಹಾಸಿಗೆ ಒತ್ತಿ ನೋಡುತ್ತ, ನಲ್ಲಿ ತಿರುಗಿಸುತ್ತ, ಅಭಿಪ್ರಾಯದ ಹಾಳೆ ತುಂಬಿಸುತ್ತ ಇದ್ದೆವು. ಒಂಬತ್ತರಂದು ಮಧ್ಯಾಹ್ನ ದೋಣಿ ವಿಹಾರವಿತ್ತು. ನನ್ನನ್ನು ಅದರಿಂದ ಬಿಡಿ ಎಂದು ರೆಸಾರ್ಟಿನ ಮ್ಯಾನೇಜರ್ ಸುಸನ್ ಅವರನ್ನು ಕೇಳಿದೆ. ಆಕೆ ಅಲ್ಲಿಯವರೇ, ದಪ್ಪನೆಯ ನಗೆಮೊಗದ ಹೆಂಗಸು. ಯಾಕೆ ಎಂದು ಕೇಳಿದರು. ನನ್ನ ಸಹೋದ್ಯೋಗಿಯ ಮನೆ ಇಲ್ಲೇ ಪೇಟೆಯ ಹಿಂದೆ ಇದೆ, ಮಗಳ ಹುಟ್ಟುಹಬ್ಬ ಎಂದೆ. ಹಾಗಾದರೆ ಅವಳೇ ಯಾಕೆ ಬರಲಿಲ್ಲ ಎಂದು ಸುಸನ್ ಕೇಳಿದರು. ನಾನು ಒಂಬತ್ತನೆಯ ಷರತ್ತಿನ ಮಾತು ತೆಗೆದೆ.

ಆಕೆಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ಅದಾ? ಅದು ಯಾವುದೋ ಹಳೆಯ ಫಾರಂನಿಂದ ಹಾಗೇ ಬಂದದ್ದು. ಕಳೆದ ತಿಂಗಳು ಕತಾರಿನಿಂದ ಬಂದ ಐವರಲ್ಲಿ ನಾಲ್ಕು ಜನ ನಮ್ಮ ದೇಶದವರೇ. ನಿಮಗೆ ಅದನ್ನು ಯಾರು ಹೇಳಿದರು?"

ಆಫೀಸಿನಲ್ಲಿ ಹೇಳಿದರು ಎಂದೆ.

ರೆಸಾರ್ಟಿನವರು ವ್ಯಾನ್ ಕೊಟ್ಟರು. ಹತ್ತು ಜನ ಕೂರುವ ವ್ಯಾನಿನಲ್ಲಿ ನಾನೊಬ್ಬಳೇ, ಮಡಿಲಲ್ಲಿ ಬೂಟಿನ ಪೆಟ್ಟಿಗೆ. ತಗಡಿನ ಮಾಡುಗಳ ಓಣಿಯ ಕೊನೆಯಲ್ಲಿ ನೀಲಿ ಟಾರ್ಪಾಲು, ಬಲೂನು ಕಂಡಾಗ ಹೇಳಿದ ಪ್ರಕಾರ ವಿಡಿಯೊ ಶುರು ಮಾಡಿದೆ. ವ್ಯಾನ್ ನಿಂತಿತು. ತಲೆಗೆ ಕಾಗದದ ಕಿರೀಟ ಇಟ್ಟ ಹುಡುಗಿ ನಿಜವಾಗಿಯೂ ಓಡಿ ಬಂದಳು. ಬಾಗಿಲು ತೆರೆದು ನಾನು ಇಳಿದೆ. ಅವಳು ನನ್ನನ್ನು ನೋಡಿದಳು, ನಂತರ ನನ್ನ ಪಕ್ಕದಿಂದ ನುಸುಳಿ ವ್ಯಾನಿನ ಒಳಗೆ ಇಣುಕಿದಳು. ಮೆಟ್ಟಿಲು ಹತ್ತಿ ಹಿಂದಿನ ಸೀಟಿನವರೆಗೆ ಹೋಗಿ, ಸೀಟಿನ ಕೆಳಗೂ ಬಗ್ಗಿ ನೋಡಿದಳು. ತಮಾಷೆಗೆ ಅಡಗಿ ಕೂತಿರಬಹುದು ಎಂದುಕೊಂಡಳೇನೋ. ಅಮ್ಮ ಬರುತ್ತಾಳೆ ಎಂದು ಜನವರಿಯಲ್ಲಿ ಮಗುವಿಗೆ ಹೇಳಿಯಾಗಿತ್ತು. ಬರುವುದಿಲ್ಲ ಎಂದು ಹೇಳುವ ಧೈರ್ಯ ಅಜ್ಜಿಗೆ ಆಗಿರಲಿಲ್ಲ. ಇದನ್ನು ಅಜ್ಜಿ ಆಮೇಲೆ ತನ್ನ ತುಂಡು ಇಂಗ್ಲಿಷಿನಲ್ಲಿ ನನಗೆ ಹೇಳಿದರು.

ಲೈಕಾ ಅಳಲಿಲ್ಲ. ಇಳಿದು ಬಂದು, ನನ್ನ ಬಲಗೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಹಿರಿಯರಿಗೆ ಅವರು ಕೊಡುವ ಮರ್ಯಾದೆ ಅದು.

ಬೂಟು ಚಿಕ್ಕದಾಯಿತು. ಅಜ್ಜಿ ಹಿಮ್ಮಡಿಯ ಹತ್ತಿರ ಒತ್ತಿ ಮಡಚಿ ಚಪ್ಪಲಿಯ ಹಾಗೆ ಹಾಕಿಕೊಟ್ಟರು, ಮಗು ಸಂಜೆಯವರೆಗೂ ಅದನ್ನೇ ಎಳೆದುಕೊಂಡು ಓಡಾಡಿತು. ಸಿಹಿಸಿಹಿ ಶಾವಿಗೆ ಬಡಿಸಿದರು, ನಮ್ಮ ಬಂಗುಡೆಯಂಥದೇ ಹುರಿದ ಮೀನು ಬಡಿಸಿದರು. ದುಬೈಯಿಂದ ಬಂದವರೆಂದು ನನಗೊಬ್ಬಳಿಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಿಂಬು. ಜೆಸ್ಸಿಗೆ ವಿಡಿಯೊ ಕಾಲ್ ಮಾಡಲು ನಾಲ್ಕು ಸಲ ಪ್ರಯತ್ನಿಸಿದೆವು. ಅಲ್ಲಿ ನೆಟ್‌ವರ್ಕ್ ಇಲ್ಲದಂತೆಯೇ. ಒಂದು ಸಲ ಅವಳ ಮುಖ ಬಂತು, ಬಾಯಿ ಅರ್ಧ ತೆರೆದು ಹಾಗೇ ನಿಂತುಬಿಟ್ಟಿತು. ಮಕ್ಕಳೆಲ್ಲ ನಕ್ಕರು. ಆಮೇಲೆ ಪರದೆ ಕಪ್ಪಾಯಿತು.

ಮರಳುವ ವಿಮಾನದಲ್ಲಿ ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ. ಮೊದಲ ಒಂದು ನಿಮಿಷ ಕತ್ತರಿಸಿಬಿಡಬಹುದಿತ್ತು. ಹಾಗೆ ಮಾಡಿದರೆ ಅದು ಸುಳ್ಳು ಎನಿಸಿತು. ಆಗಲೂ ನಾನು ಸರಿಯಾದದ್ದನ್ನೇ ಮಾಡಿದೆ.

ದುಬೈಯಲ್ಲಿ ಆಗ ವಾರದ ಕೆಲಸ ಶುರುವಾಗುತ್ತಿದ್ದದ್ದು ಭಾನುವಾರ. ಆ ಬೆಳಿಗ್ಗೆ ಜೆಸ್ಸಿ ನನ್ನ ಫೋನು ಹಿಡಿದು ತನ್ನ ಮೇಜಿನಲ್ಲಿ ಕೂತಳು. ಶಬ್ದ ಕಡಿಮೆ ಮಾಡಿಕೊಂಡಳು. ವ್ಯಾನಿನ ಭಾಗ ಮುಗಿದ ಮೇಲೆ ಹಿಂದಕ್ಕೆ ಸರಿಸಿ ಮತ್ತೆ ನೋಡಿದಳು, ಇನ್ನೊಮ್ಮೆ ನೋಡಿದಳು. ಉಳಿದದ್ದನ್ನು ನೋಡಲಿಲ್ಲ. ಫೋನು ಕೊಡುತ್ತ, "ಬೂಟು ಸರಿಯಾಯಿತಾ ಆತೆ?" ಎಂದು ಕೇಳಿದಳು.

"ಸರಿಯಾಯಿತು" ಎಂದೆ. ನನ್ನ ನೆನಪಿನಲ್ಲಿ ಅಲ್ಲಿಯವರೆಗೆ ಅವಳಿಗೆ ನಾನು ಹೇಳಿದ ಒಂದೇ ಸುಳ್ಳು ಅದು. ಸುಸನ್ ಹೇಳಿದ ಮಾತನ್ನು ಹೇಳಲು ಆ ವಾರವೆಲ್ಲ ಹೊಂಚು ಹಾಕಿದೆ. ಅವಳು ಚಹಾ ತರಲು ಹೋದಾಗ ಹಿಂದೆಯೇ ಹೋದೆ, ಮೆಟ್ರೋ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದೆ. ಪ್ರತಿ ಸಲವೂ ಬಿಸಿಲಿನ ಬಗ್ಗೆ ಏನೋ ಮಾತಾಡಿ ಬಂದೆ.

ಗುರುವಾರ ನಮ್ಮಲ್ಲಿ ಫೈಲಿಂಗ್ ದಿನ. ಮುಗಿದ ಪ್ರವಾಸಗಳ ಕಾಗದಗಳನ್ನೆಲ್ಲ ತೂತು ಹೊಡೆದು ಫೈಲಿಗೆ ಹಾಕುವವಳು ಜೆಸ್ಸಿ. ಇದು ನನಗೆ ಗೊತ್ತಿತ್ತು. ಎಲ್ ನಿದೊದ ಫಾರಂ ಆ ಕಟ್ಟಿನಲ್ಲೇ ಇತ್ತು. ಅದನ್ನು ಎತ್ತಿಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಷ್ಟು ಎಚ್ಚರದ ನನಗೆ ಅದೊಂದು ಹೊಳೆಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮೇಜಿನಾಚೆಯಿಂದ ಅವಳ ದನಿ ಬಂತು. ಎಂದಿನ ದನಿಯೇ.

"ಊಟ ಆಯ್ತಾ, ಮ್ಯಾಮ್?"

ಆಯ್ತು ಎಂದೆ, ಆಗಿರಲಿಲ್ಲ. ಅವಳು ಊಟಕ್ಕೆ ಎದ್ದು ಹೋದ ಮೇಲೆ ಫೈಲು ತೆಗೆದು ನೋಡಿದೆ. ನಾಲ್ಕೂ ಪುಟಗಳು ಕ್ರಮವಾಗಿದ್ದವು, ಅಂಚಿಗೆ ಅಂಚು ಕೂಡಿಸಿ ತೂತು ಹೊಡೆದಿತ್ತು. ಕೊನೆಯ ಪುಟದಲ್ಲಿ ಹಸಿರು ಗೆರೆ.

ಅವಳು ಮತ್ತೆ ಎಂಟು ತಿಂಗಳು ನನ್ನೆದುರು ಕೂತಿದ್ದಳು. ಕೆಲಸದಲ್ಲಿ ಒಂದು ತಪ್ಪಿಲ್ಲ, ನನ್ನೊಡನೆ ಒಂದು ಜಗಳವಿಲ್ಲ. ದಿನವೂ ಊಟ ಆಯ್ತಾ ಎಂದು ಕೇಳಿದಳು, ದಿನವೂ ಮ್ಯಾಮ್ ಎಂದಳು. ನವೆಂಬರಿನಲ್ಲಿ ರಾಜೀನಾಮೆ ಕೊಟ್ಟು ಅಬುಧಾಬಿಯ ಯಾವುದೋ ಕಂಪನಿಗೆ ಹೋದಳು. ನಡುವೆ ಊರಿಗೆ ಹೋಗಿ ಬಂದಳೋ ಇಲ್ಲವೋ ತಿಳಿಯದು. ಅವಳ ಜಾಗಕ್ಕೆ ಬಂದ ಭವ್ಯಶ್ರೀ ಎಂಬ ಹುಡುಗಿ ನನ್ನನ್ನು ಅಕ್ಕ ಎನ್ನುತ್ತಾಳೆ. ಕೇಳಿದಾಗೆಲ್ಲ ನಾನು ತಲೆಯೆತ್ತಿ ಎದುರಿನ ಮೇಜನ್ನು ಒಮ್ಮೆ ನೋಡುತ್ತೇನೆ.

ಆ ಗುರುವಾರ ಜೆಸ್ಸಿ ಹಸಿರು ಗೆರೆಯನ್ನು ಕಂಡಳೋ, ಅಥವಾ ವ್ಯಾನಿನಿಂದ ತನ್ನ ಬದಲು ನಾನು ಇಳಿದದ್ದನ್ನು ಮೂರು ಸಲ ನೋಡಿದ್ದೇ ಸಾಕಾಯಿತೋ, ನನಗೆ ಗೊತ್ತಿಲ್ಲ. ಆ ಸಾಲನ್ನು ರಂಜಿತರಿಗೆ ತೋರಿಸಲು ಎದ್ದು ಹೋದಾಗ ಕಿಟಕಿಯ ಪೋಸ್ಟರಿನ ಹಸಿರು ನೀರು ನನ್ನ ಮನಸ್ಸಿನಲ್ಲಿ ಇತ್ತೋ ಇರಲಿಲ್ಲವೋ, ಅದೂ ನನಗೆ ಗೊತ್ತಿಲ್ಲ.