ಸೋನಿಯಾ ಮೇಡಂ ತಡೆದಿಟ್ಟ ಬಿಯರು

ನಾನು ಕೆಲಸ ಮಾಡುವುದು ಬಿಯರು ತಯಾರಿಸುವ ಜಾಗದಲ್ಲಿ ಎಂದು ನನ್ನ ಅತ್ತೆಗೆ ಇಂದಿಗೂ ಗೊತ್ತಿಲ್ಲ. ‘ಮಣಿಪಾಲದಲ್ಲಿ ಹೋಟೆಲು’ ಎಂದಷ್ಟೇ ಹೇಳಿದ್ದೇನೆ. ಸುಳ್ಳೇನಲ್ಲ, ಎದುರಿಗೆ ಹೋಟೆಲೇ. ಊಟದ ಹಾಲಿನ ಹಿಂದೆ ಗಾಜಿನ ಗೋಡೆ, ಅದರಾಚೆ ಸ್ಟೀಲಿನ ದೊಡ್ಡ ಟ್ಯಾಂಕುಗಳು. ಅಲ್ಲೇ ತಯಾರಾದ ಬಿಯರು ನಲ್ಲಿಯಿಂದ ನೇರ ಲೋಟಕ್ಕೆ. ನಾನು ಸ್ಟೋರಿನವಳು. ಬಾರ್ಲಿ ಮೂಟೆಯಿಂದ ಒಣಮೆಣಸಿನವರೆಗೆ ಏನೇ ಬಂದರೂ ನಾನು ಮೂಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಬಿಯರನ್ನು ಮಾತ್ರ ಇವತ್ತಿನವರೆಗೆ ಒಂದು ತೊಟ್ಟೂ ಕುಡಿದಿಲ್ಲ.

ಬಿಯರಿನ ಮುಖ್ಯಸ್ಥೆಯಾಗಿ ಸೋನಿಯಾ ಮೇಡಂ ಬಂದ ಮೊದಲ ದಿನವೇ ನನಗೂ ಅವರಿಗೂ ಸರಿಹೋಗಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ರುಚಿ ನೋಡುವ ಕೋಣೆಯ ಬಾಗಿಲಲ್ಲೇ ನನ್ನನ್ನು ತಡೆದರು.

“ಪ್ರಫುಲ್ಲಕ್ಕ, ಹೂವು ಮುಡಿದು ಒಳಗೆ ಬರುವುದು ಬೇಡ.”

“ಯಾಕೆ? ಬಿಯರಿಗೆ ಎಂತ ಮಡಿ ಮೈಲಿಗೆ?”

“ಮಡಿ ಅಲ್ಲ ಮಾರಾಯ್ರೆ. ಮಲ್ಲಿಗೆ ಇದ್ದರೆ ಬೇರೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ.”

ಹೇಳಿದವರು ಯಾರು? ಕಾಪು ಹತ್ತಿರದ ಶಂಕರಪುರದವರು! ಊರಿಗೆಲ್ಲ ಮಲ್ಲಿಗೆ ಕಟ್ಟಿ ಕೊಡುವ ಊರು ಅದು. ಅವರ ಅಮ್ಮ ಬರ್ತಾ ಬಾಯಿ ಇಂದಿಗೂ ಬೆಳಗಾದರೆ ಮೊಗ್ಗು ಕೊಯ್ಯುತ್ತಾರಂತೆ. ಅಂಥವರ ಮಗಳು ಕಡಿಯಾಳಿಯಿಂದ ಬರುವ ನನಗೆ ಹೂವು ಮುಡಿಯಬೇಡ ಎನ್ನುವುದೆಂದರೆ! ಹೂವನ್ನು ತೆಗೆದು ಸ್ಟೋರಿನ ಮೊಳೆಗೆ ಸಿಕ್ಕಿಸಿದೆ. ಅವರಿಗೆ ಕೇಳುವ ಹಾಗೆ ಗೊಣಗಿದೆ ಕೂಡ.

ಆದರೆ ಚಹಾದ ಹೊತ್ತಿಗೆ ಎದುರು ಬದುರು ಕುಳಿತ ಮೇಲೆ ಎಷ್ಟು ದಿನ ಮುಖ ತಿರುಗಿಸಲು ಆಗುತ್ತದೆ? ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ, ಮೈಸೂರು ಕಡೆಯ ಒಂದು ದೊಡ್ಡ ಬಿಯರು ಕಾರ್ಖಾನೆಯ ಲ್ಯಾಬಿಗೆ ಸೇರಿದಾಗ ಅವರಿಗೆ ಇಪ್ಪತ್ತೆರಡು. ರಾತ್ರಿ ಪಾಳಿಗೆ ಹೆಂಗಸರು ಬೇಡ ಎಂದರಂತೆ. “ಯೀಸ್ಟು ರಾತ್ರಿ ನಿದ್ದೆ ಮಾಡುತ್ತದಾ?” ಎಂದು ಇವರು ಕೇಳಿದರಂತೆ. ಬರ್ತಾ ಬಾಯಿ ಇಗರ್ಜಿಯ ಭಾನುವಾರದ ಪೂಜೆಯಲ್ಲಿ ಕೇಳಿದವರಿಗೆಲ್ಲ ಮಗಳಿಗೆ ‘ಆಹಾರದ ಕಂಪನಿಯಲ್ಲಿ’ ಕೆಲಸ ಎನ್ನುತ್ತಿದ್ದರಂತೆ. ಅದನ್ನು ಕೇಳಿ ನನ್ನ ಅತ್ತೆಯ ಕಥೆ ನಾನೂ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಜಗಳ ಮುಗಿದದ್ದು ಅಲ್ಲಿಗೆ.

ಅವರ ಮೂಗು ಮೈಸೂರು ಕಡೆಯ ಆ ಕಂಪನಿಯಲ್ಲೆಲ್ಲ ಹೆಸರು ಮಾಡಿತ್ತಂತೆ. ನೂರು ಬಾಟಲಿಗಳ ನಡುವೆ ಕೆಟ್ಟ ಒಂದನ್ನು ಹೆಕ್ಕಿ ಕೊಡುತ್ತಿದ್ದರು. ಅದಕ್ಕಾಗಿ ಬೆಳಗ್ಗೆ ಮೀನುಸಾರು ಬಿಟ್ಟರು, ಪೌಡರು ಬಿಟ್ಟರು, ಹೂವು ಬಿಟ್ಟರು. ಕಂಪನಿ ಜರ್ಮನಿಗೆ ಕಳಿಸಿ ಕಲಿಸಿತು. ಆದರೆ ಇಪ್ಪತ್ತು ವರ್ಷ ದುಡಿದರೂ ಬಿಯರು ತಯಾರಿಸುವ ಮುಖ್ಯಸ್ಥರ ಕುರ್ಚಿ ಮಾತ್ರ ಕೊಡಲಿಲ್ಲ. ಪ್ರತಿ ಸಲ ಯಾರೋ ಒಬ್ಬ ಗಂಡಸು ಹೊರಗಿನಿಂದ ಬಂದು ಕೂರುತ್ತಿದ್ದ. ಗಲ್ಫಿನಿಂದ ಮರಳಿದ ನಮ್ಮ ಧಣಿ ಶೇಖರಣ್ಣ ಆ ಕುರ್ಚಿಯನ್ನು ಕೊಡುತ್ತೇನೆಂದಾಗ, ಅಷ್ಟು ವರ್ಷದ ನೌಕರಿಯನ್ನು ಬಿಟ್ಟು ಬಂದರು. ನಾನಾಗಿದ್ದರೆ ಹತ್ತನೇ ವರ್ಷಕ್ಕೇ ಆ ಕುರ್ಚಿಯನ್ನು ಎತ್ತಿ ಒಗೆಯುತ್ತಿದ್ದೆ. ಅವರ ತಾಳ್ಮೆ ಕಂಡು ನನಗೆ ಹೊಟ್ಟೆಕಿಚ್ಚೂ ಆಯಿತು, ಗೌರವವೂ ಬಂತು.

ನನಗೆ ಒಂದು ಆಟವನ್ನೂ ಕಲಿಸಿದರು. ಮೂರು ಲೋಟ ಇಡುವುದು, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ.

“ಕುಡಿಯುವುದು ಬೇಡ. ಮೂಸಿ ನೋಡಿ, ಯಾವುದು ಬೇರೆ ಹೇಳಿ. ದೊಡ್ಡ ದೊಡ್ಡ ಹೆಸರು ಬೇಡ, ನಿಮ್ಮ ಅಡುಗೆಮನೆಯಲ್ಲಿ ಇದ್ದದ್ದನ್ನೇ ಹೇಳಿ.”

ಗೋಧಿ ಬಿಯರಿಗೆ ಹಣ್ಣಾದ ಬಾಳೆಹಣ್ಣಿನ ವಾಸನೆ, ಹಿಂದೆಯೇ ಲವಂಗ. ಹಳತಾದ ಬಿಯರಿಗೆ ಒದ್ದೆ ರಟ್ಟಿನ ವಾಸನೆ. ಅವಸರದಲ್ಲಿ ಮುಗಿಸಿದ್ದಕ್ಕೆ ಬೆಣ್ಣೆಯ ವಾಸನೆ. ನನ್ನ ಉತ್ತರ ತಪ್ಪುತ್ತಿದ್ದದ್ದು ಅಪರೂಪಕ್ಕೆ. “ಕಾರ್ಕಳದವರಿಗೆ ಒಳ್ಳೆ ಮೂಗು ಉಂಟು,” ಎಂದು ನನ್ನ ತವರೂರಿನ ಹೆಸರೆತ್ತಿ ಅವರು ಹೇಳಿದ ದಿನ ನಾನು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಗುತ್ತಲೇ ಮನೆಗೆ ಹೋಗಿದ್ದೆ.

ಈ ವರ್ಷ ಬೇಸಿಗೆಯ ಹೊತ್ತಿಗೆ ಮೇಡಂಗೆ ಜೋರು ಜ್ವರ ಬಂತು. ವಾಸಿಯಾಗಿ ಮರಳಿದವರು ಒಂದೇ ಒಂದು ಟ್ಯಾಂಕಿನ ಬಿಯರನ್ನೂ ಮಾರಾಟಕ್ಕೆ ಬಿಡಲಿಲ್ಲ. ಕೇಳಿದಾಗಲೆಲ್ಲ “ಇನ್ನೂ ಆಗಲಿಲ್ಲ” ಎನ್ನುವರು. ಹಳೆಯ ಬಿಯರು ಮುಗಿಯುತ್ತಾ ಬಂತು. ಗಿರಾಕಿಗಳು ಬಂದು ಬಂದು ವಾಪಸು ಹೋಗತೊಡಗಿದರು. ಶೇಖರಣ್ಣನ ಸಹನೆಯ ಕಟ್ಟೆ ಒಡೆಯಿತು.

“ಟ್ಯಾಂಕು ತುಂಬ ಬಿಯರು ಉಂಟು, ಲೋಟಕ್ಕೆ ಹಾಕಲಿಕ್ಕೆ ಇಲ್ಲ! ಇದು ಎಂತ ಮೇಡಂ? ಶನಿವಾರದೊಳಗೆ ಬಿಡದಿದ್ದರೆ ನಾನು ಬೇರೆಯವರನ್ನು ಕರೆಸುತ್ತೇನೆ.”

ಮರುದಿನ ಶುಕ್ರವಾರ. ಕಡಿಯಾಳಿ ದೇವಸ್ಥಾನದಲ್ಲಿ ಪ್ರಸಾದದ ಮಲ್ಲಿಗೆ ಕೊಟ್ಟಿದ್ದರು. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮುಡಿದದ್ದೇ ಮರೆತು, ಅದರ ಮೇಲೆಯೇ ಕೆಲಸದ ಟೊಪ್ಪಿ ಹಾಕಿಕೊಂಡು ರುಚಿ ನೋಡುವ ಕೋಣೆಗೆ ಹೋದೆ. ಮೇಡಂ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತು ಬಾರ್ಲಿಯ ಹೊಸ ಮೂಟೆಗಳ ವಿಷಯ ಮಾತಾಡಿದರು. ಮಾತಿನ ನಡುವೆ ಟೊಪ್ಪಿ ಸರಿಮಾಡಲು ಕೈ ಎತ್ತಿದಾಗಲೇ ನನಗೆ ಹೂವಿನ ನೆನಪಾದದ್ದು. ಕೋಣೆಯಿಡೀ ಘಮಘಮ ಎನ್ನುತ್ತಿತ್ತು. ಅವರು ಏನೂ ಹೇಳಿರಲಿಲ್ಲ.

ಹೂವನ್ನು ತೆಗೆದು ಅವರ ಮುಖದ ಹತ್ತಿರ ಹಿಡಿದೆ.

“ಮೇಡಂ, ಇದು ಎಂತ ವಾಸನೆ?”

ಅವರು ಹೂವನ್ನು ನೋಡಿದರು. ಬಾಗಿಲು ಹಾಕಿ ಬಂದು ಸ್ಟೂಲಿನ ಮೇಲೆ ಕುಳಿತರು.

“ಜ್ವರದಲ್ಲಿ ಹೋದದ್ದು ಪ್ರಫುಲ್ಲಕ್ಕ. ಕಾಫಿ ಇಲ್ಲ, ಮೀನಿಲ್ಲ, ಅಮ್ಮ ಕಟ್ಟುವ ಮಲ್ಲಿಗೆ ಕೂಡ ಇಲ್ಲ. ಬರಬಹುದು, ಬಾರದೆಯೂ ಇರಬಹುದು ಅಂತಾರೆ ಡಾಕ್ಟ್ರು.”

“ಅದಕ್ಕೇ ಬಿಯರು ತಡೆದಿಟ್ಟದ್ದಾ?”

“ಮೂಸದೆ ಹೇಗೆ ಬಿಡುವುದು?”

ಅವರ ಕೆಲಸ ಹೋಗುವುದರಲ್ಲಿತ್ತು. ಒಂದು ‘ಸರಿ ಉಂಟು’ ಎಂದಿದ್ದರೆ ಸಾಕಿತ್ತು, ಯಾರಿಗೆ ಗೊತ್ತಾಗುತ್ತಿತ್ತು? ಹಾಗೆಂದೇ ನಾನು ಹೇಳಿದೆ. ಬೇಕಾದರೆ ಗುಟ್ಟಾಗಿ ನಾನೇ ಮೂಸಿ ಹೇಳುತ್ತೇನೆ, ನೀವು ನಿಮ್ಮ ಬಾಯಲ್ಲಿ ಹೇಳಿ ಎಂದೂ ಅಂದೆ.

“ಮೂಸುವುದು ಹೌದು, ಗುಟ್ಟಾಗಿ ಬೇಡ,” ಎಂದು ಎದ್ದರು. ನೇರವಾಗಿ ಹೋಗಿ ಶೇಖರಣ್ಣನನ್ನು ಕರೆತಂದರು. “ನನಗೆ ವಾಸನೆ ಬರುವುದಿಲ್ಲ. ಜ್ವರ ಬಿಟ್ಟ ದಿನವೇ ನಿಮಗೆ ಹೇಳಬೇಕಿತ್ತು, ಹೆದರಿದೆ,” ಎಂದರು. ಇಷ್ಟು ವರ್ಷ ಮೂಗಿನಿಂದಲೇ ಅನ್ನ ತಿಂದವರು ಅದನ್ನು ಧಣಿಯ ಮುಖಕ್ಕೇ ಹೇಳುವುದನ್ನು ಕೇಳಿ ನನ್ನ ಕಣ್ಣು ತುಂಬಿತು.

ಶೇಖರಣ್ಣ “ಇನ್ನು ಎಂತ ಮಾಡುವುದು?” ಎಂದರು.

“ತಯಾರಿಸುವ ಕೆಲಸ ನನ್ನ ತಲೆಯಲ್ಲಿ, ಕೈಯಲ್ಲಿ ಉಂಟು. ಮೂಗು ಇವರದ್ದು ಆಗಲಿ. ಈಗಲೇ ನೋಡಿ.”

ಹೂವು ಹೊರಗೆ ಹೋಯಿತು. ಕೋಣೆಗೆ ಗಾಳಿ ಆಡಿಸಿದ್ದಾಯಿತು. ಮೇಡಂ ಮೊದಲ ಟ್ಯಾಂಕಿನಿಂದ ಒಂದು ಲೋಟ ತಂದರು. ಬಾಳೆಹಣ್ಣು, ಲವಂಗ, ಬೇರೇನೂ ಇಲ್ಲ. ಹಾಗೆಯೇ ಹೇಳಿದೆ. ಶೇಖರಣ್ಣನ ಮುಖ ಅರಳಿತು.

ಎರಡನೆಯ ಲೋಟ ಮೇಡಂನ ಸ್ವಂತದ್ದು, ಕುಚ್ಚಲಕ್ಕಿ ಸೇರಿಸಿ ಅವರೇ ಹೊಸದಾಗಿ ರೂಪಿಸಿದ ಬಿಯರು. ಆ ಕುರ್ಚಿಗೆ ಕುಳಿತ ಮೇಲೆ ಅವರು ಕಂಡ ಕನಸು ಅದು. ಮೂಸಿದೆ. ಇನ್ನೊಮ್ಮೆ ಮೂಸಿದೆ. ಅನುಮಾನವೇ ಇಲ್ಲ, ಬೆಣ್ಣೆ. ಮೇಡಂ ನನ್ನನ್ನೇ ನೋಡುತ್ತಿದ್ದರು. ಹೇಳಿದರೆ ಅವರ ಕೆಲಸದ ಗತಿ ಏನೋ? ಹೇಳದಿದ್ದರೆ ನಾನು ಕಲಿತದ್ದಕ್ಕೆ ಬೆಲೆ ಏನು?

“ಬೆಣ್ಣೆ,” ಎಂದೆ.

“ಬೆಣ್ಣೆ ಆದರೆ ಎಂತ ತೊಂದರೆ?” ಎಂದರು ಶೇಖರಣ್ಣ. “ನಮ್ಮವರಿಗೆ ಇಷ್ಟವೇ ಅಲ್ವಾ?”

“ದೋಸೆಯ ಮೇಲೆ ಇಷ್ಟ,” ಎಂದೆ ನಾನು, ಸ್ವಲ್ಪ ಜೋರಾಗಿಯೇ.

ಮೇಡಂ ಆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡರು. “ಜ್ವರ ಏರುತ್ತಿದ್ದ ದಿನ ಅವಸರ ಮಾಡಿ ಅದನ್ನು ಬೇಗ ತಣ್ಣಗಾಗಿಸಿದ್ದು ನಾನೇ. ಮತ್ತೆ ಬೆಚ್ಚಗೆ ಇಟ್ಟರೆ ಯೀಸ್ಟೇ ಆ ಬೆಣ್ಣೆಯನ್ನು ತಿಂದು ಮುಗಿಸುತ್ತದೆ. ಮೊದಲಿನದ್ದನ್ನು ಇವತ್ತೇ ಬಿಡಿ ಶೇಖರಣ್ಣ, ಇದನ್ನು ಬಿಡಲಿಕ್ಕಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಒಂದು ಮಾತು ಹೇಳಿ. ಲೋಟ ನೋಡಿ ಹೇಳಿದ್ದಾ, ನನ್ನ ಮುಖ ನೋಡಿ ಹೇಳಿದ್ದಾ?”

“ನಿಮ್ಮ ಮುಖ ನೋಡಿದ್ದರೆ ಚೆನ್ನಾಗಿ ಉಂಟು ಅಂತಿದ್ದೆ ಮೇಡಂ.”

ಜ್ವರ ಬಿಟ್ಟ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

“ಹಾಗಾದರೆ ನನಗೆ ಇನ್ನು ಹೆದರಿಕೆ ಇಲ್ಲ,” ಎಂದರು.